ಸೈನಿಕನ ರೋಗಚರಿತ್ರೆ: ಕಾಗದದಿಂದ ಗಣಕಕ್ಕೆ

1973ನೆಯ ಇಸವಿಯ ಜುಲೈ 12ರಂದು, ನಡುರಾತ್ರಿ ಕಳೆದು ಸ್ವಲ್ಪ ಹೊತ್ತಾಗಿರುವಾಗ, ಅಮೆರಿಕ ಸಂಯುಕ್ತ ಸಂಸ್ಥಾನದ ಸೇಂಟ್ ಲೂಯಿಸ್ ನಗರದ ಬಳಿಯ ಒಂದು ದೊಡ್ಡ ಸರಕಾರಿ ಕಟ್ಟಡದ ಆರನೆಯ ಅಂತಸ್ತಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಅಲ್ಲಿ ಇದ್ದುದು ಮದ್ದುಗುಂಡಲ್ಲ, ಎಣ್ಣೆಯಲ್ಲ, ಬರಿಯ ಕಾಗದ. ಸೇನೆಯಿಂದ ಬಿಡುಗಡೆ ಹೊಂದಿದವರ ಸೇವಾ ಕಡತಗಳನ್ನು ಆ ಕಟ್ಟಡದಲ್ಲಿ ಒಟ್ಟಿದ್ದರು. ಬೆಂಕಿ ಪೂರ್ತಿಯಾಗಿ ಆರಿತೆಂದು ಸಾರಲು ನಾಲ್ಕು ದಿನಗಳು ಬೇಕಾದುವು. ಅಷ್ಟರಲ್ಲಿ 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಕಡತಗಳು ನಾಶವಾಗಿದ್ದುವು. 1912ರ ನವೆಂಬರ್‌ನಿಂದ 1960ರ ಜನವರಿಯವರೆಗೆ ಭೂಸೇನೆಯನ್ನು ಬಿಟ್ಟವರ ಕಡತಗಳಲ್ಲಿ ನೂರಕ್ಕೆ 80 ಪಾಲು ಹೋಯಿತು. ಅವಕ್ಕೆ ಪ್ರತಿಗಳಿರಲಿಲ್ಲ, ಮೈಕ್ರೊಫಿಲ್ಮ್ ಸಹ ಮಾಡಿಸಿರಲಿಲ್ಲ.

ಬೆಂಕಿಯಿಂದ ಉಳಿದು ನೀರಿನಲ್ಲಿ ನೆಂದಿದ್ದ ಕಾಗದಗಳನ್ನು ಒಣಗಿಸಿದ ಬಗೆ ಸ್ವಾರಸ್ಯವಾಗಿದೆ. ಮರ್ಕ್ಯುರಿ ಮತ್ತು ಜೆಮಿನಿ ಅಂತರಿಕ್ಷಯಾನಗಳ ಸಿದ್ಧತೆಗಾಗಿ ಬಳಸಿದ್ದ ಮ್ಯಾಕ್‌ಡೊನೆಲ್ ಡಗ್ಲಸ್ ಕಂಪೆನಿಯ ನಿರ್ವಾತ ಕೊಠಡಿಯೊಳಗೆ ಅವನ್ನು ಇರಿಸಿದರು. ಒತ್ತಡವನ್ನು ಇಳಿಸಿದರೆ ನೀರು ಕಡಿಮೆ ಉಷ್ಣತೆಯಲ್ಲಿಯೇ ಆವಿಯಾಗುವುದೆಂಬುದು ಭೌತಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ. ಇಂಥ ಪ್ರಯತ್ನಗಳಿಂದ ಸುಮಾರು 65 ಲಕ್ಷ ಕಡತಗಳು ಸುಟ್ಟ ಅಂಚುಗಳೊಡನೆಯಾದರೂ ಉಳಿದುಕೊಂಡುವು.

ಹಳೆಯ ಕಾಗದ ಸುಟ್ಟರೆ ನಷ್ಟವೇನು ಎಂದು ಕೇಳಬಹುದು. 1950ರ ಚಳಿಗಾಲದಲ್ಲಿ ಕೊರಿಯದ ಹಿಮದಲ್ಲಿ ಕಾದಾಡಿದ ಒಬ್ಬ ಸೈನಿಕನನ್ನು ಊಹಿಸಿಕೊಳ್ಳೋಣ. ಅವನ ಕಾಲ್ಬೆರಳುಗಳು ಹಿಮಘಾತಕ್ಕೆ ಸಿಕ್ಕಿದುವು; ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಗುಣಹೊಂದಿ ಮನೆಗೆ ಹೋದನು. ಮೂವತ್ತು ವರ್ಷಗಳ ಮೇಲೆ ಪಾದಗಳಲ್ಲಿ ಉರಿಯೂ ಜೋಮೂ ಆರಂಭವಾದುವು. ಹಿಮಘಾತದ ಪರಿಣಾಮ ಹೀಗೆ ತಡವಾಗಿ ತೋರುವುದುಂಟು. ಅವನು ವೇತನಕ್ಕೂ ಚಿಕಿತ್ಸೆಗೂ ಅರ್ಜಿ ಹಾಕಿದರೆ ಸರಕಾರ ಕೇಳುವ ಮೊದಲನೆಯ ಪ್ರಶ್ನೆ: ಈ ವ್ಯಾಧಿ ಸೇವೆಯಲ್ಲಿದ್ದಾಗಲೇ ಬಂದುದಕ್ಕೆ ಆಧಾರವೇನು? ಆಧಾರವು ಬೂದಿಯಾಗಿದೆ. ಗಾಯ ಅವನ ಮೈಮೇಲಿದೆ. ಆದರೆ ಅದು ಯಾವಾಗ, ಎಲ್ಲಿ ಆಯಿತೆಂದು ಹೇಳುವ ಸಾಕ್ಷಿ ಅವನೊಬ್ಬನೇ.

ಇಲ್ಲಿಯೇ ಒಂದು ವಿಚಿತ್ರ ಸಂಗತಿ ನಡೆಯಿತು. ಎರಡನೆಯ ಮಹಾಯುದ್ಧ ಮತ್ತು ಕೊರಿಯ ಯುದ್ಧದ ಕಾಲಗಳಲ್ಲಿ ಸೇನೆಯ ಪ್ರಧಾನ ವೈದ್ಯಾಧಿಕಾರಿಯ ಕಚೇರಿಯು ಆಸ್ಪತ್ರೆಗೆ ಸೇರಿದವರ ವಿವರಗಳನ್ನು ರಂಧ್ರ ಕೊರೆದ ಕಾರ್ಡುಗಳ ಮೇಲೆ ಗುರುತಿಸಿತ್ತು. ಯಾವ ರೋಗ ಎಷ್ಟು ಜನರನ್ನು ಎಷ್ಟು ದಿನ ಮಲಗಿಸಿತೆಂಬ ಲೆಕ್ಕವೊಂದೇ ಅದರ ಉದ್ದೇಶ. ಒಬ್ಬೊಬ್ಬ ಸೈನಿಕನಿಗೆ ಅದರಿಂದ ಪ್ರಯೋಜನವಾದೀತೆಂದು ಯಾರೂ ಎಣಿಸಿರಲಿಲ್ಲ. ಅನಂತರ ಆ ವಿವರಗಳು ಗಣಕದ ಟೇಪುಗಳಿಗೆ ಏರಿದ್ದುವು. 1988ರಲ್ಲಿ ಈ ಟೇಪುಗಳು ಸೇಂಟ್ ಲೂಯಿಸಿನ ಕೇಂದ್ರಕ್ಕೆ ಬಂದುವು. ಅವುಗಳಲ್ಲಿ ಒಂದು ಕೋಟಿ ದಾಖಲಾತಿಗಳಿದ್ದುವು. ಹೆಸರುಗಳಿಲ್ಲ, ಸೇವಾ ಸಂಖ್ಯೆಗಳು ಮಾತ್ರ. ರೋಗದ ಹೆಸರಿಲ್ಲ; ಅದರ ಸಂಕೇತಾಂಕ ಮಾತ್ರ. ಅಂಕೆಗಳ ಅರ್ಥವನ್ನು ಬಿಡಿಸಿಕೊಂಡು 1990ರ ಹೊತ್ತಿಗೆ 78 ಲಕ್ಷ ದಾಖಲಾತಿಗಳನ್ನು ಬಳಕೆಗೆ ತಂದರು. ನಮ್ಮ ಸೈನಿಕನ ಸೇವಾ ಸಂಖ್ಯೆಯ ಮುಂದೆ ಹಿಮಘಾತದ ಅಂಕೆ ಇದ್ದರೆ ಅವನಿಗೆ ಅಷ್ಟೇ ಸಾಕು.

ವಿದ್ಯುನ್ಮಾನ ಆರೋಗ್ಯ ದಾಖಲೆಯ ಗುಣವೂ ಕಷ್ಟವೂ ಈ ಒಂದು ಪ್ರಸಂಗದಲ್ಲಿಯೇ ಅಡಗಿವೆ ಎಂದು ನಮಗೆ ತೋರುತ್ತದೆ. ಕಾಗದವು ಒಂದೇ ಸ್ಥಳದಲ್ಲಿರಬಲ್ಲುದು. ಅಂಕೆಗಳಾಗಿ ಮಾರ್ಪಟ್ಟ ದಾಖಲೆಯನ್ನು ಹತ್ತು ಕಡೆ ಇರಿಸಬಹುದು. ಆದರೆ ಆ ಅಂಕೆಗಳ ನಿಘಂಟು ಕಳೆದುಹೋದರೆ ಟೇಪು ಉಳಿದೂ ಫಲವಿಲ್ಲ.

ವೈದ್ಯರ ಚೀಟಿಯ ಛಾಯಾಚಿತ್ರವನ್ನು ಗಣಕದಲ್ಲಿಟ್ಟರೆ ಅದು ವಿದ್ಯುನ್ಮಾನ ದಾಖಲೆಯಾಯಿತೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಛಾಯಾಚಿತ್ರವನ್ನು ಮನುಷ್ಯನು ಓದಬಲ್ಲನು. ಯಂತ್ರಕ್ಕೆ ಅದು ಕಪ್ಪು ಬಿಳುಪಿನ ಚುಕ್ಕೆಗಳ ರಾಶಿ. ನಿಜವಾದ ವಿದ್ಯುನ್ಮಾನ ದಾಖಲೆಯಲ್ಲಿ ಒಂದೊಂದು ಸಂಗತಿಗೂ ಗೊತ್ತಾದ ಸ್ಥಾನವಿದೆ. ರೋಗಿಗೆ ಒಂದು ಸಂಖ್ಯೆ, ರೋಗಕ್ಕೆ ಒಂದು ಸಂಕೇತ, ಔಷಧಕ್ಕೆ ಇನ್ನೊಂದು, ರಕ್ತಪರೀಕ್ಷೆಯ ಫಲಕ್ಕೆ ಅದರ ಮಾನ ಮತ್ತು ವೇಳೆ. ಪೆನಿಸಿಲಿನ್ ಒಗ್ಗದ ರೋಗಿಗೆ ವೈದ್ಯನು ಮರೆತು ಅದೇ ವರ್ಗದ ಔಷಧವನ್ನು ಬರೆದರೆ, ಯಂತ್ರವು ಎರಡು ಸಂಕೇತಗಳನ್ನು ಹೋಲಿಸಿ ಕೂಡಲೇ ಎಚ್ಚರಿಸುತ್ತದೆ. ಚೀಟಿಯ ಚಿತ್ರದಿಂದ ಈ ಕೆಲಸ ಆಗುವಂತಿಲ್ಲ.

ಹೀಗೆ ಇರಿಸುವ ಒಂದು ಒಳ್ಳೆಯ ಉಪಾಯವನ್ನು 1966-67ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಕಂಡುಹಿಡಿದರು. ಅವರು ರಚಿಸಿದ ಗಣಕಭಾಷೆಯ ಹೆಸರು ಮಂಪ್ಸ್. (ಇಂಗ್ಲಿಷಿನಲ್ಲಿ ಮಂಗನಬಾವಿಗೂ ಅದೇ ಹೆಸರು, ಆಸ್ಪತ್ರೆಯವರ ವಿನೋದ!) ಅದರಲ್ಲಿ ದಾಖಲೆಯು ಮರದಂತೆ ಬೆಳೆಯುತ್ತದೆ. ರೋಗಿಯ ಸಂಖ್ಯೆಯೇ ಕಾಂಡ. ಒಂದೊಂದು ಭೇಟಿ ಒಂದು ಕೊಂಬೆ. ಅಂದಿನ ಪರೀಕ್ಷೆಗಳು ರೆಂಬೆಗಳು. ಮೂರು ಸಲ ಬಂದವನಿಗೆ ಮೂರು ಕೊಂಬೆ, ಮುನ್ನೂರು ಸಲ ಬಂದವನಿಗೆ ಮುನ್ನೂರು. ಇಲ್ಲದ ಕೊಂಬೆಗಾಗಿ ಜಾಗವನ್ನು ಕಾದಿರಿಸಬೇಕಾಗಿಲ್ಲ. ಯಂತ್ರದ ಸ್ಮೃತಿ ಬಹು ದುಬಾರಿಯಾಗಿದ್ದ ಆ ಕಾಲದಲ್ಲಿ ಇದು ದೊಡ್ಡ ಅನುಕೂಲವಾಗಿತ್ತು. ನಿವೃತ್ತ ಸೈನಿಕರ ಆಸ್ಪತ್ರೆಗಳನ್ನು ನಡೆಸುವ ಸರಕಾರಿ ಸಂಸ್ಥೆಯು ಈ ಭಾಷೆಯಲ್ಲಿಯೇ ತನ್ನ ವ್ಯವಸ್ಥೆಯನ್ನು ಕಟ್ಟಿತು. ರಕ್ಷಣಾ ಇಲಾಖೆಯು 1988ರಲ್ಲಿ ಗುತ್ತಿಗೆ ಕೊಟ್ಟು, ಅದನ್ನೇ ಮಾರ್ಪಡಿಸಿ, ತನ್ನ ಆಸ್ಪತ್ರೆಗಳಲ್ಲಿ 1990ರ ದಶಕದಲ್ಲಿ ಸ್ಥಾಪಿಸಿತು. ಅದರಲ್ಲಿ ಒಂದೊಂದು ಕೇಂದ್ರದ ದಾಖಲೆ ಆ ಕೇಂದ್ರದ ಯಂತ್ರದಲ್ಲಿಯೇ ಉಳಿಯುತ್ತಿತ್ತು. ಸೈನಿಕನಿಗೆ ಟೆಕ್ಸಸ್‌ನಿಂದ ಜರ್ಮನಿಗೆ ವರ್ಗವಾದರೆ ದಾಖಲೆ ಟೆಕ್ಸಸ್‌ನಲ್ಲಿಯೇ ಇರುತ್ತಿತ್ತು.

ನಾಗರಿಕ ರೋಗಿಗೂ ಸೈನಿಕ ರೋಗಿಗೂ ಇರುವ ಮುಖ್ಯ ವ್ಯತ್ಯಾಸವೇ ಈ ಸಂಚಾರ. 1990-91ರ ಕೊಲ್ಲಿ ಯುದ್ಧಕ್ಕೆ ಸುಮಾರು 7 ಲಕ್ಷ ಅಮೆರಿಕನ್ ಸೈನಿಕರು ಹೋಗಿದ್ದರು. ಹಿಂದಿರುಗಿದ ಮೇಲೆ ಅವರಲ್ಲಿ ಅನೇಕರು ತೀರದ ಆಯಾಸ, ಕೀಲುನೋವು, ಮರೆವು ಎಂದು ನರಳತೊಡಗಿದರು. ಕಾರಣವನ್ನು ಹುಡುಕಹೊರಟವರಿಗೆ ಮೊದಲು ಬೇಕಾದುದು ಸರಳವಾದ ವಿವರಗಳು: ಯಾರಿಗೆ ಯಾವ ಲಸಿಕೆ ಹಾಕಿದ್ದರು? ವಿಷಾನಿಲದಿಂದ ರಕ್ಷಣೆಗೆಂದು ಕೊಟ್ಟ ಪಿರಿಡೊಸ್ಟಿಗ್ಮಿನ್ ಗುಳಿಗೆಯನ್ನು ಯಾರು ಎಷ್ಟು ದಿನ ನುಂಗಿದರು? ಯಾವ ತುಕಡಿ ಯಾವ ದಿನ ಎಲ್ಲಿತ್ತು? ಬಹುಮಟ್ಟಿಗೆ ಈ ಪ್ರಶ್ನೆಗಳಿಗೆ ಉತ್ತರವೇ ದೊರೆಯಲಿಲ್ಲ. ಈ ಬಾರಿ ಬೆಂಕಿ ಬಿದ್ದಿರಲಿಲ್ಲ. ಬರೆದಿಡಬೇಕಾದುದನ್ನು ಬರೆದಿಡಲೇ ಇಲ್ಲ. ಸುಟ್ಟುಹೋದ ದಾಖಲೆಗಿಂತ ಬರೆಯದ ದಾಖಲೆ ನಮಗೆ ಹೆಚ್ಚು ದುಃಖಕರವಾಗಿ ಕಾಣುತ್ತದೆ. 1997ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿ, ಹೊರದೇಶಕ್ಕೆ ಕಳುಹಿಸುವ ಮುನ್ನವೂ ಬಂದ ಅನಂತರವೂ ಸೈನಿಕರನ್ನು ಪರೀಕ್ಷಿಸಿ, ಆ ವಿವರಗಳನ್ನು ಒಂದೆಡೆ ಸಂಗ್ರಹಿಸಿಡಬೇಕೆಂದು ವಿಧಿಸಿತು.

ಇರಾಕ್ ಮತ್ತು ಆಫ್ಘಾನಿಸ್ತಾನದ ಯುದ್ಧಗಳಲ್ಲಿ ಈ ಕಾನೂನಿನ ಪರೀಕ್ಷೆ ನಡೆಯಿತು. ಗಾಯಗೊಂಡವನಿಗೆ ಮೊದಲು ಕೈಯಿಡುವವನು ತುಕಡಿಯ ಶುಶ್ರೂಷಕ. ಅಲ್ಲಿಂದ ಗಾಯಾಳು ಹೆಲಿಕಾಪ್ಟರಿನಲ್ಲಿ ಶಸ್ತ್ರಚಿಕಿತ್ಸೆಯ ಡೇರೆಗೆ, ವಿಮಾನದಲ್ಲಿ ಜರ್ಮನಿಯ ಲಾಂಡ್‌ಸ್ಟೂಲ್ ಆಸ್ಪತ್ರೆಗೆ, ಮತ್ತೆ ವಿಮಾನದಲ್ಲಿ ಸ್ವದೇಶಕ್ಕೆ. ಕೆಲವೇ ದಿನಗಳಲ್ಲಿ ನಾಲ್ಕೈದು ತಂಡಗಳ ಕೈ ದಾಟುತ್ತಿದ್ದನು. ಕಾಗದ ದಾರಿಯಲ್ಲಿ ಕಳೆದುಹೋಗುತ್ತಿತ್ತು. ಆದುದರಿಂದ ಮುಂದಿನ ವೈದ್ಯನಿಗೆ ತಿಳಿಸಬೇಕಾದುದನ್ನು ಗಾಯದ ಬಟ್ಟೆಯ ಮೇಲೆಯೇ ಶಾಯಿಯಿಂದ ಬರೆದು ಕಳುಹಿಸಿದ ಶಸ್ತ್ರವೈದ್ಯರೂ ಇದ್ದರು.

ಇಂಥ ಕಡೆ ಅಂಗೈಯಗಲದ ಗಣಕಗಳನ್ನು ಬಳಕೆಗೆ ತಂದರು. ಯುದ್ಧಭೂಮಿಯಲ್ಲಿ ಸಂಪರ್ಕ ಸದಾ ಇರುವುದಿಲ್ಲ. ಕೆಲವು ವೇಳೆ ಶತ್ರುವಿಗೆ ನೆಲೆ ತಿಳಿಯಬಾರದೆಂದು ರೇಡಿಯೊವನ್ನು ತಾವೇ ನಿಲ್ಲಿಸಿರುತ್ತಾರೆ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಅಂಚೆಯವನು ದೋಣಿ ಬರುವವರೆಗೆ ಚೀಲವನ್ನು ದಡದಲ್ಲಿ ಕಾಯುವಂತೆ, ಈ ಗಣಕವು ಬರೆದುದನ್ನು ತನ್ನಲ್ಲಿಯೇ ಇಟ್ಟುಕೊಂಡಿದ್ದು, ಸಂಪರ್ಕ ದೊರೆತಾಗ ಮುಂದಕ್ಕೆ ಕಳುಹಿಸುತ್ತದೆ. ತಡವಾಗಿ ಬಂದ ಸುದ್ದಿಯನ್ನು ಬಂದ ವೇಳೆಗೆ ಅನುಸಾರವಾಗಿ ಅಲ್ಲ, ಘಟನೆ ನಡೆದ ವೇಳೆಗೆ ಅನುಸಾರವಾಗಿ ಜೋಡಿಸಬೇಕು. ಇಲ್ಲವಾದರೆ ಹತ್ತು ಗಂಟೆಗೆ ಕೊಟ್ಟ ಮಾರ್ಫಿನ್ ಹನ್ನೆರಡಕ್ಕೆ ಕೊಟ್ಟಂತೆ ತೋರಿ, ಮುಂದಿನ ಪ್ರಮಾಣದ ಲೆಕ್ಕವೇ ತಪ್ಪುತ್ತದೆ.

ದಾಖಲೆಗಳಿಂದ ಒಬ್ಬ ರೋಗಿಗಷ್ಟೇ ಅಲ್ಲ, ಮುಂದೆ ಗಾಯಗೊಳ್ಳಲಿರುವವರಿಗೂ ಲಾಭವಿದೆ. ಗಾಯಾಳುಗಳ ದಾಖಲೆಗಳಿಂದ ವಿವರಗಳನ್ನು ಆರಿಸಿ ಒಂದೆಡೆ ಕೂಡಿಸುವ ರಿಜಿಸ್ಟರನ್ನು ಅಮೆರಿಕನ್ ಸೇನೆ ಈ ಯುದ್ಧಗಳಲ್ಲಿ ಇರಿಸಿತು. ರಕ್ತಸ್ರಾವವನ್ನು ತಡೆಯಲು ಕೈಕಾಲಿಗೆ ಬಿಗಿಯುವ ಪಟ್ಟಿಗೆ ಟೂರ್ನಿಕೆಟ್ ಎಂದು ಹೆಸರು. ಅದನ್ನು ಕಟ್ಟಿದರೆ ರಕ್ತ ಹರಿಯದೆ ಅಂಗವೇ ಸಾಯುವುದೆಂದು ಭಯಪಟ್ಟು, ಬೇರೆ ದಾರಿಯಿಲ್ಲದಾಗ ಮಾತ್ರ ಕಟ್ಟಬೇಕೆಂದು ಬಹುಕಾಲ ಕಲಿಸುತ್ತಿದ್ದರು. 2006ರಲ್ಲಿ ಬಾಗ್ದಾದಿನ ಸೈನಿಕ ಆಸ್ಪತ್ರೆಯಲ್ಲಿ ಇಂಥ ಪಟ್ಟಿ ಕಟ್ಟಿಸಿಕೊಂಡ 232 ಗಾಯಾಳುಗಳ ವಿವರಗಳನ್ನು ಕ್ರಮವಾಗಿ ಬರೆದಿಟ್ಟು ಪರಿಶೀಲಿಸಿದರು. ರಕ್ತಹೀನತೆಯಿಂದ ದೇಹ ಕುಸಿಯುವ ಮೊದಲೇ ಕಟ್ಟಿಸಿಕೊಂಡವರಲ್ಲಿ ನೂರಕ್ಕೆ 90 ಮಂದಿ ಬದುಕಿದರು. ಕುಸಿದ ಮೇಲೆ ಕಟ್ಟಿಸಿಕೊಂಡವರಲ್ಲಿ ನೂರಕ್ಕೆ 10 ಮಂದಿ. ಕೇವಲ ಪಟ್ಟಿಯ ಕಾರಣದಿಂದ ಯಾರೂ ಅಂಗವನ್ನು ಕಳೆದುಕೊಳ್ಳಲಿಲ್ಲ. ತರ್ಕದಿಂದ ಬಗೆಹರಿಯದೆ ಉಳಿದಿದ್ದ ಪ್ರಶ್ನೆಯೊಂದು, ಕಟ್ಟಿದ ವೇಳೆಯನ್ನೂ ಆಗಿನ ದೇಹಸ್ಥಿತಿಯನ್ನೂ ಬರೆದಿಟ್ಟುದರಿಂದ ಬಗೆಹರಿಯಿತು.

ಇಷ್ಟೆಲ್ಲ ಕೇಳಿದ ಮೇಲೆ ಯಂತ್ರ ಬಂದೊಡನೆ ಎಲ್ಲವೂ ಸರಿಹೋಯಿತೆಂದು ವಾಚಕರು ತಿಳಿಯಬಾರದು. 2004ರಿಂದ ಹರಡಿದ ಎರಡನೆಯ ವ್ಯವಸ್ಥೆಯು ದಾಖಲೆಗಳನ್ನು ಒಂದು ಕೇಂದ್ರ ಭಂಡಾರಕ್ಕೆ ತಂದಿತು. ಆದರೆ ಅದು ಬಹಳ ನಿಧಾನವೆಂದು ವೈದ್ಯರು ದೂರಿದರು. ಇದಲ್ಲದೆ, ಸೇವೆಯಲ್ಲಿರುವವನ ದಾಖಲೆ ರಕ್ಷಣಾ ಇಲಾಖೆಯದು, ನಿವೃತ್ತನಾದವನ ದಾಖಲೆ ಬೇರೊಂದು ಇಲಾಖೆಯದು. ಎರಡಕ್ಕೂ ನಿಘಂಟು ಬೇರೆ. ಒಬ್ಬರ ದಾಖಲೆಯನ್ನು ಇನ್ನೊಬ್ಬರು ಪರದೆಯ ಮೇಲೆ ನೋಡುವಂತೆ ಮಾಡುವುದು ಸುಲಭ. ಆದರೆ ಅಲ್ಲಿಯ ಔಷಧದ ಸಂಕೇತವನ್ನು ಇಲ್ಲಿಯ ಯಂತ್ರ ಅರಿತುಕೊಂಡು ಎಚ್ಚರಿಸಬೇಕಾದರೆ ಶಬ್ದಕ್ಕೆ ಶಬ್ದ ಹೊಂದಿಸಬೇಕು. 2011ರಲ್ಲಿ ಎರಡು ಇಲಾಖೆಗಳೂ ಕೂಡಿ ಒಂದೇ ವ್ಯವಸ್ಥೆಯನ್ನು ಕಟ್ಟಲು ಹೊರಟು, 2013ರಲ್ಲಿ ಆ ಯೋಚನೆಯನ್ನು ಕೈಬಿಟ್ಟುವು.

2015ರಲ್ಲಿ ರಕ್ಷಣಾ ಇಲಾಖೆಯು ಮಾರುಕಟ್ಟೆಯಲ್ಲಿದ್ದ ಒಂದು ವ್ಯವಸ್ಥೆಯನ್ನೇ ಕೊಳ್ಳಲು 430 ಕೋಟಿ ಡಾಲರುಗಳ ಗುತ್ತಿಗೆಯನ್ನು ಕೊಟ್ಟಿತು. ಎಂ.ಎಚ್.ಎಸ್. ಜೆನೆಸಿಸ್ ಎಂಬ ಹೆಸರಿನಿಂದ ಅದು 2017ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ಪ್ರಾಂತದ ಫೇರ್‌ಚೈಲ್ಡ್ ವಾಯುನೆಲೆಯಲ್ಲಿ ಆರಂಭವಾಯಿತು. ಮರುವರ್ಷ ಇಲಾಖೆಯ ಪರೀಕ್ಷಕರೇ ಅದು ಇನ್ನೂ ಕೆಲಸಕ್ಕೆ ತಕ್ಕುದಾಗಿಲ್ಲವೆಂದು ವರದಿ ಮಾಡಿದರು. ತಿದ್ದುಪಡಿಗಳಾದ ಮೇಲೆ 2019ರಲ್ಲಿ ವಿಸ್ತರಣೆ ಮುಂದುವರಿಯಿತು.

ಇದೇ ತಂತ್ರಾಂಶವನ್ನು ನಿವೃತ್ತ ಸೈನಿಕರ ಇಲಾಖೆಯೂ ಕೊಂಡು, 2020ರ ಅಕ್ಟೋಬರಿನಲ್ಲಿ ಸ್ಪೋಕೇನ್ ನಗರದ ತನ್ನ ಆಸ್ಪತ್ರೆಯಲ್ಲಿ ಬಳಕೆಗೆ ತಂದಿತು. ಅಲ್ಲಿ ನಡೆದುದನ್ನು ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ವೈದ್ಯನು ಯಂತ್ರದ ಮೂಲಕ ‘ಈ ರೋಗಿಯನ್ನು ತಜ್ಞರಿಗೆ ತೋರಿಸಿ’, ‘ಈ ಪರೀಕ್ಷೆ ಮಾಡಿಸಿ’ ಎಂದು ಆದೇಶ ಕಳುಹಿಸುತ್ತಾನೆ. ಆದೇಶ ತಲುಪಬೇಕಾದ ವಿಭಾಗವನ್ನು ಯಂತ್ರವು ಗುರುತಿಸಲಾರದೆ ಹೋದರೆ ಏನಾಗಬೇಕು? ‘ತಲುಪಲಿಲ್ಲ’ ಎಂದು ವೈದ್ಯನಿಗೆ ತಿಳಿಸಬೇಕು. ಈ ಯಂತ್ರವು ಹಾಗೆ ಮಾಡದೆ ಅಂಥ ಆದೇಶಗಳನ್ನೆಲ್ಲ ಒಂದು ಅಜ್ಞಾತ ಸಾಲಿನಲ್ಲಿ ಪೇರಿಸುತ್ತ ಹೋಯಿತು. ವಿಳಾಸ ತಿಳಿಯದ ಪತ್ರಗಳಿಗೆ ಅಂಚೆ ಇಲಾಖೆಯಲ್ಲಿ ಒಂದು ಕಚೇರಿಯಾದರೂ ಇದೆ, ಅಲ್ಲಿ ಗುಮಾಸ್ತರಿದ್ದಾರೆ. ಈ ಸಾಲು ಇದೆಯೆಂಬುದೇ ಆಸ್ಪತ್ರೆಯವರಿಗೆ ತಿಳಿಯದು. ವೈದ್ಯರು ಆದೇಶ ಹೋಯಿತೆಂದು ನಂಬಿದ್ದರು, ರೋಗಿಗಳು ಕರೆ ಬರುವುದೆಂದು ಕಾದಿದ್ದರು. ಸರಕಾರಿ ತನಿಖಾಧಿಕಾರಿಗಳು 2022ರಲ್ಲಿ ಪ್ರಕಟಿಸಿದ ವರದಿಯಂತೆ, ಎಂಟು ಒಂಬತ್ತು ತಿಂಗಳುಗಳಲ್ಲಿ 11,000ಕ್ಕೂ ಹೆಚ್ಚು ಆದೇಶಗಳು ಹೀಗೆ ನಿಂತಿದ್ದುವು. ಕಡಮೆಯೆಂದರೆ 149 ರೋಗಿಗಳಿಗೆ ಅದರಿಂದ ಹಾನಿಯಾಗಿತ್ತು. ಕಾಗದದ ಚೀಟಿ ಕಳೆದರೆ ಕಳೆದುದಾದರೂ ತಿಳಿಯುತ್ತದೆ. ಇಲ್ಲಿ ಯಾವುದೂ ಕಳೆದಿರಲಿಲ್ಲ; ಎಲ್ಲವೂ ಸುರಕ್ಷಿತವಾಗಿ, ಯಾರೂ ನೋಡದ ಕಡೆ ಇತ್ತು. 2023ರಲ್ಲಿ ಆ ಇಲಾಖೆಯು ಬೇರೆ ಆಸ್ಪತ್ರೆಗಳಿಗೆ ವಿಸ್ತರಿಸುವುದನ್ನು ತಡೆಹಿಡಿಯಿತು.

ಸೇನೆಯ ಆಸ್ಪತ್ರೆಗಳಲ್ಲಿ ಮಾತ್ರ ಕೆಲಸ ಮುಗಿಯುತ್ತ ಬಂತು. ಕೊನೆಯದಾಗಿ, 2024ರ ಮಾರ್ಚ್‌ನಲ್ಲಿ, ಷಿಕಾಗೊ ನಗರದ ಉತ್ತರಕ್ಕಿರುವ, ಅಪೊಲೊ 13ರ ನಾಯಕ ಜೇಮ್ಸ್ ಲವೆಲ್‌ನ ಹೆಸರಿನ ಆಸ್ಪತ್ರೆಯಲ್ಲಿ ಇದನ್ನು ಸ್ಥಾಪಿಸಿದರು. ಈ ಆಸ್ಪತ್ರೆಯನ್ನು ಎರಡು ಇಲಾಖೆಗಳೂ ಕೂಡಿ ನಡೆಸುತ್ತವೆ. ನೌಕಾದಳಕ್ಕೆ ಅಂದೇ ಸೇರಿದ ತರುಣನೂ, ದಶಕಗಳ ಹಿಂದೆ ನಿವೃತ್ತನಾದ ಮುದುಕನೂ ಅಲ್ಲಿ ಒಂದೇ ಬಗೆಯ ದಾಖಲೆಯೊಳಗೆ ಸೇರುತ್ತಾರೆ. ಒಟ್ಟು ಸುಮಾರು 96 ಲಕ್ಷ ಜನರ ಆರೋಗ್ಯದ ವಿವರ ಈ ವ್ಯವಸ್ಥೆಯ ವ್ಯಾಪ್ತಿಗೆ ಬಂದಿದೆ. ಇಷ್ಟು ಜನರ ವಿವರ ಒಂದೆಡೆ ಸೇರಿದಾಗ ಅದು ಶತ್ರುವಿಗೂ ಅಮೂಲ್ಯವಾದೀತು. ಒಂದು ದಳಕ್ಕೆ ಯಾವ ಲಸಿಕೆ ಹಾಕಿದರೆಂದು ತಿಳಿದರೆ ಅದು ಯಾವ ದೇಶಕ್ಕೆ ಹೊರಡಲಿದೆಯೆಂದು ಊಹಿಸಬಹುದಲ್ಲವೆ?

ಗಾಯ ಬಿದ್ದ ಸ್ಥಳದಲ್ಲಿ ಮಾತ್ರ ಹಳೆಯ ಕ್ರಮ ಮುಗಿದಿಲ್ಲ. ಅಲ್ಲಿ ಶುಶ್ರೂಷಕನು ಟೂರ್ನಿಕೆಟ್ ಬಿಗಿದು, ಅಳಿಸಿಹೋಗದ ಶಾಯಿಯ ಲೇಖನಿಯಿಂದ ಕಟ್ಟಿದ ವೇಳೆಯನ್ನು ಆ ಪಟ್ಟಿಯ ಮೇಲೆಯೇ ಬರೆಯುತ್ತಾನೆ. ಗಾಯಾಳುವಿನ ಮೈಗೆ ಸಿಕ್ಕಿಸುವ ಒಂದು ಸಣ್ಣ ಕಾರ್ಡಿನ ಮೇಲೆ ಅದನ್ನೇ ಮತ್ತೊಮ್ಮೆ ಗುರುತಿಸುತ್ತಾನೆ. ಗಣಕಕ್ಕೆ ಆ ವೇಳೆಯನ್ನು ಏರಿಸುವ ಕೆಲಸ ಅದಾದ ಮೇಲಿನದು.