ನಮ್ಮ ಮನೆಯ ‘ಸ್ಯಾವಿ’ ಯಾರು?

“ಅಮ್ಮ, ನೀನು ಸ್ವಲ್ಪವೂ ಟೆಕ್-ಸ್ಯಾವಿ ಅಲ್ಲ” ಎಂದು ಮಗಳು ನನ್ನ ಕೈಯಿಂದ ಮೊಬೈಲ್ ಕಸಿದುಕೊಂಡಾಗ, ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನನಗೆ ಮುಖಭಂಗವಾಯಿತು. ನಿಘಂಟು ತೆಗೆದು ಕುಳಿತೆ.

‘ಸ್ಯಾವಿ’ ಇಂಗ್ಲಿಷರ ಮನೆಮಗಳಲ್ಲ. 18ನೆಯ ಶತಮಾನದ ಕೊನೆಗೆ ವೆಸ್ಟ್ ಇಂಡೀಸ್ ಕಡೆಯ ಬೆರಕೆ ಮಾತಿನಿಂದ ಬಂದ ಸೊಸೆ. ಸ್ಪ್ಯಾನಿಷಿನ ‘ಸಾಬೆ’, ಅಂದರೆ ‘ಬಲ್ಲ’, ಇದರ ಮೂಲವೆನ್ನುತ್ತಾರೆ. ಅದಕ್ಕೂ ಹಿಂದಿನದು ಲ್ಯಾಟಿನ್ನಿನ ‘ಸಾಪೆರೆ’. ಅದಕ್ಕೆ ರುಚಿಯನ್ನರಿ, ವಿವೇಕಿಯಾಗಿರು ಎಂಬ ಎರಡೂ ಅರ್ಥಗಳುಂಟು. ನಾಮಪದವಾದರೆ ‘ಸ್ಯಾವಿ’ ಎಂದರೆ ವ್ಯವಹಾರಜ್ಞಾನ, ಕ್ರಿಯಾಪದವಾದರೆ ‘ತಿಳಿ’, ವಿಶೇಷಣವಾದರೆ ಒಂದು ವಿಷಯದ ಒಳಹೊರಗು ಬಲ್ಲ. ‘ಕ್ಲೆವರ್’ ಆದವರು ಪರೀಕ್ಷೆಯಲ್ಲಿ ಗೆದ್ದಾರು. ‘ಸ್ಯಾವಿ’ ಆದವರು ಸಂತೆಯಲ್ಲಿ ಸುಲಭವಾಗಿ ಮೋಸಹೋಗರು.

ಮರುವಾರವೇ ಒಂದು ಫೋನ್ ಬಂತು. ಬ್ಯಾಂಕಿನವನೆಂದು ಹೇಳಿಕೊಂಡವನು ಸೊಗಸಾದ ಇಂಗ್ಲಿಷಿನಲ್ಲಿ ಓಟಿಪಿ ಕೇಳಿದ. ಆ ಇಂಗ್ಲಿಷಿಗೇ ಮರುಳಾಗಿ ನಾನು ಅಂಕಿಗಳನ್ನು ಓದಿ ಹೇಳುವುದರಲ್ಲಿದ್ದೆ. ಪಕ್ಕದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಅತ್ತೆಗೆ ವಿಷಯ ಹೇಳಿದೆ. ಶಾಲೆಯ ಮೆಟ್ಟಿಲು ಹತ್ತದವರು. ದಾದರ್ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಚೌಕಾಸಿ ಮಾಡಿದವರು.

“ಗಂಟು ಅವರ ಹತ್ತಿರವೇ ಇರುವಾಗ ಬೀಗದ ಕೈ ನಮ್ಮನ್ನೇಕೆ ಕೇಳುತ್ತಾನೆ? ಇಡೇ ಫೋನು!” ಎಂದರು.

ಇಟ್ಟೆ. ಉಳಿತಾಯದ ಹಣ ಉಳಿಯಿತು.

ಸಂಜೆ ಮಗಳು ಬಂದಾಗ ನಿಘಂಟು ಇನ್ನೂ ಮೇಜಿನ ಮೇಲೇ ಇತ್ತು. “ಪದದ ಅರ್ಥ ಸಿಕ್ಕಿತೇನಮ್ಮ?” ಎಂದಳು. ನಾನು ಅಡಿಗೆಮನೆಯತ್ತ ಕೈ ತೋರಿಸಿದೆ. ಅತ್ತೆ ಅಲ್ಲಿ ಸಾರಿನ ರುಚಿ ನೋಡುತ್ತಿದ್ದರು.