ಹೃದಯ ಬಲಗಡೆ ಇದ್ದರೆ? ದೇಹದ ಎಡ-ಬಲದ ಕುರಿತು ತಿಳಿದಿರಬೇಕಾದ ಸಂಗತಿ



ಎದೆಯ ಎಕ್ಸ್‌ರೇ ತೆಗೆಸಿದಾಗ ಕೆಲವೊಮ್ಮೆ “ಫಿಲ್ಮ್ ಉಲ್ಟಾ ಆಗಿದೆ, ಇನ್ನೊಮ್ಮೆ ತೆಗೆಸಿ” ಎಂದು ಹೇಳುವುದುಂಟು. ಬಹುಮಟ್ಟಿಗೆ ಅದು ಎಡ-ಬಲದ ಗುರುತು ಹಾಕುವಾಗ ಆದ ತಪ್ಪೇ ಆಗಿರುತ್ತದೆ. ಆದರೆ ಅಪರೂಪಕ್ಕೆ ಫಿಲ್ಮ್ ಸರಿಯಾಗಿದ್ದು, ರೋಗಿಯ ಹೃದಯವೇ ಬಲಗಡೆ ಇರುತ್ತದೆ. ಅಂಥವರಲ್ಲಿ ಬಹಳ ಜನರಿಗೆ ಯಕೃತ್ತು ಎಡಕ್ಕೆ, ಜಠರ ಮತ್ತು ಗುಲ್ಮ ಬಲಕ್ಕೆ, ಹೀಗೆ ಒಳಗಿನ ಅಂಗಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿರುತ್ತವೆ. ವೈದ್ಯರು ಇದನ್ನು ಸೈಟಸ್ ಇನ್ವರ್ಸಸ್ ಎನ್ನುತ್ತಾರೆ. ಸುಮಾರು 10,000 ಜನರಲ್ಲಿ ಒಬ್ಬರಿಗೆ ಹೀಗಿರುತ್ತದೆ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ ಸುಮಾರು 11 ಲಕ್ಷ 77 ಸಾವಿರ. ಆ ಲೆಕ್ಕದಲ್ಲಿ ನಮ್ಮ ಜಿಲ್ಲೆಯಲ್ಲೇ ನೂರಕ್ಕೂ ಮಿಕ್ಕಿ ಇಂಥವರಿರಬೇಕು. ಅವರಲ್ಲಿ ಅನೇಕರಿಗೆ ಈ ವಿಷಯ ಗೊತ್ತೇ ಇರುವುದಿಲ್ಲ.

ಎಡ-ಬಲದ ವ್ಯತ್ಯಾಸ ಮನುಷ್ಯರಿಗೆ ಮಾತ್ರ ಸೇರಿದ್ದಲ್ಲ. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಹಂಗಾರಕಟ್ಟೆಯವರಿಗೆ ಇದನ್ನು ವಿವರಿಸುವುದು ಸುಲಭ. ಮೀನು ಹೆಚ್ಚುವವರು ನಂಗು ಮೀನನ್ನು ನೋಡಿಯೇ ಇರುತ್ತಾರೆ. ಅದರ ಎರಡೂ ಕಣ್ಣು ಎಡಮಗ್ಗುಲಲ್ಲೇ ಇವೆ. ಹುಟ್ಟುವಾಗ ಹಾಗಿರುವುದಿಲ್ಲ, ಮರಿಯಾಗಿದ್ದಾಗ ಎಲ್ಲ ಮೀನಿನಂತೆ ಆಚೆಗೊಂದು ಈಚೆಗೊಂದು ಕಣ್ಣಿದ್ದು, ಬೆಳೆಯುತ್ತ ಬಲಗಣ್ಣು ತಲೆಯನ್ನು ದಾಟಿ ಎಡಕ್ಕೆ ಬರುತ್ತದೆ. ಆಮೇಲೆ ಅದು ಬಲಮಗ್ಗುಲನ್ನು ಕೆಳಗೆ ಮಾಡಿ ಮರಳಿನ ಮೇಲೆ ಮಲಗಿಯೇ ಬಾಳುತ್ತದೆ. ಕೆಸರಿನಲ್ಲಿ ಒಂದು ಕೈ ಮಾತ್ರ ದೊಡ್ಡದಿರುವ ಗಂಡು ಏಡಿಗಳಿವೆಯಲ್ಲ, ಅವುಗಳಲ್ಲಿ ಕೆಲವಕ್ಕೆ ಎಡಗೈ ದೊಡ್ಡದು, ಕೆಲವಕ್ಕೆ ಬಲಗೈ.

ಪೂಜೆಯ ಶಂಖವನ್ನು ಮೊನಚು ಸುರುಳಿ ಮೇಲೆ ಬರುವಂತೆ ಹಿಡಿದು ಬಾಯಿಯನ್ನು ನಮ್ಮ ಕಡೆ ತಿರುಗಿಸಿದರೆ, ಬಾಯಿ ಬಲಗಡೆ ಕಾಣುತ್ತದೆ. ತೀರಾ ಅಪರೂಪಕ್ಕೆ ಎಡಗಡೆ ಕಾಣುವುದು ಸಿಗುತ್ತದೆ. ಶಂಖವನ್ನು ತಲೆಕೆಳಗಾಗಿ ಹಿಡಿದು ನೋಡುವ ರೂಢಿಯಿಂದ ಅದಕ್ಕೇ ಬಲಮುರಿ ಶಂಖವೆಂದು ಹೆಸರು. (ದುಡ್ಡು ಕೊಡುವ ಮುನ್ನ ಒಂದು ಮಾತು: ಅಮೆರಿಕದ ಕಡಲಿನ ಒಂದು ಜಾತಿಯ ಚಿಪ್ಪು ಸಹಜವಾಗಿಯೇ ಹೀಗೆ ಸುತ್ತಿರುತ್ತದೆ. ಅದನ್ನು ಬಲಮುರಿ ಎಂದು ಮಾರುವವರಿದ್ದಾರೆ.) ಬಸವನಹುಳುಗಳಲ್ಲಿ ಇಂಥ ಉಲ್ಟಾ ಸುರುಳಿ ಏಕೆ ಹೆಚ್ಚುವುದಿಲ್ಲವೆಂದರೆ, ಸುರುಳಿ ಬೇರೆಯಾದ ಎರಡು ಹುಳುಗಳು ಕೂಡುವುದು ಕಷ್ಟ. ಹಾಗಾಗಿ ಕಡಿಮೆ ಇರುವವು ಕಡಿಮೆಯಾಗಿಯೇ ಉಳಿಯುತ್ತವೆ. ಸಿಹಿನೀರಿನ ಒಂದು ಬಸವನಹುಳುವಿನಲ್ಲಿ ಮರಿಯ ಸುರುಳಿಯನ್ನು ಅದರ ಸ್ವಂತ ಜೀನ್ ತೀರ್ಮಾನಿಸುವುದಿಲ್ಲ, ತಾಯಿಯ ಜೀನ್ ತೀರ್ಮಾನಿಸುತ್ತದೆ ಎಂದು 1923ರಲ್ಲೇ ವಿವರಿಸಲಾಯಿತು.

ನಮ್ಮ ದೇಹ ಹೊರಗಿನಿಂದ ಎರಡೂ ಕಡೆ ಒಂದೇ. ನೆಟ್ಟಗೆ ನಡೆಯಲು ಅದು ಬೇಕು. ಒಳಗೆ ಹಾಗಲ್ಲ, ಉದ್ದದ ಕರುಳು ಮಡಚಿಕೊಂಡು ಕೂರಬೇಕು, ಹೃದಯದ ಒಂದು ಪಾಲು ಶ್ವಾಸಕೋಶಕ್ಕೂ ಇನ್ನೊಂದು ಪಾಲು ಇಡೀ ಮೈಗೂ ರಕ್ತ ನೂಕಬೇಕು. ಬಲ ಶ್ವಾಸಕೋಶಕ್ಕೆ ಮೂರು ಭಾಗ, ಎಡಕ್ಕೆ ಎರಡೇ.

ಈ ಎಡ-ಬಲ ತೀರ್ಮಾನವಾಗುವುದು ಗರ್ಭ ಕಟ್ಟಿದ ಮೂರನೆಯ ವಾರದಲ್ಲಿ. ಆಗ ಭ್ರೂಣವು ಒಂದು ಸಣ್ಣ ತಟ್ಟೆಯಂತಿದ್ದು, ಅದರಲ್ಲೊಂದು ಪುಟ್ಟ ಕುಳಿ ಇರುತ್ತದೆ. ಆ ಕುಳಿಯಲ್ಲಿ ಸಿಲಿಯಾ ಎಂಬ ಸೂಕ್ಷ್ಮ ರೋಮಗಳು ಬೀಸುವ ಕಲ್ಲಿನಂತೆ ಒಂದೇ ದಿಕ್ಕಿಗೆ ಸುತ್ತುತ್ತವೆ. ಇಲಿಯ ಭ್ರೂಣದಲ್ಲಿ ನಿಮಿಷಕ್ಕೆ ಸುಮಾರು 600 ಸುತ್ತು! ರೋಮಗಳು ಹಿಂದಕ್ಕೆ ಸ್ವಲ್ಪ ವಾಲಿಕೊಂಡಿರುವುದರಿಂದ ಕುಳಿಯ ದ್ರವ ಎಡಕ್ಕೆ ಹರಿಯುತ್ತದೆ. ಜಪಾನಿನ ಹಿರೊಕಾವಾ ಅವರ ತಂಡ 1998ರಲ್ಲಿ ಇದನ್ನು ಕಂಡಿತು. 2002ರಲ್ಲಿ ಜಪಾನಿನವರೇ ಇಲಿಯ ಭ್ರೂಣದಲ್ಲಿ ದ್ರವವನ್ನು ಕೃತಕವಾಗಿ ಬಲಕ್ಕೆ ಹರಿಸಿ ನೋಡಿದಾಗ ಎಡ-ಬಲವೇ ಬದಲಾಯಿತು. ಹರಿವು ಎಡಕ್ಕೆ ಮುಟ್ಟಿದೊಡನೆ ಅಲ್ಲಿ ‘ನೋಡಲ್’ ಎಂಬ ಜೀನ್, ಅನಂತರ ‘ಪಿಟ್ಕ್ಸ್-2’ ಎಂಬ ಜೀನ್ ಎಚ್ಚರಗೊಂಡು, ಇದು ಎಡಗಡೆ ಎಂದು ಅಂಗಗಳಿಗೆ ತಿಳಿಸುತ್ತವೆ. ಕೋಳಿಯ ಭ್ರೂಣದಲ್ಲಿ ಇಂಥ ಸುತ್ತುವ ರೋಮಗಳಿಲ್ಲ, ಆದರೂ ಮುಂದಿನ ಜೀನ್‌ಗಳು ಇವೇ. ಬಸವನಹುಳುವಿನಲ್ಲಿಯೂ ಇವೇ ಎರಡು ಕೆಲಸ ಮಾಡುತ್ತವೆಂದು 2009ರಲ್ಲಿ ತಿಳಿಯಿತು. ಹುಳುವಿಗೂ ನಮಗೂ ಪೂರ್ವಿಕರು ಒಂದೇ ಆಗಿದ್ದ ಕಾಲದಿಂದ, ಅಂದರೆ 50 ಕೋಟಿ ವರ್ಷಕ್ಕೂ ಹಿಂದಿನಿಂದ, ಬಂದ ವ್ಯವಸ್ಥೆ ಇದು.

ರೋಮಗಳು ಸುತ್ತದಿದ್ದರೆ ಏನಾಗುತ್ತದೆ? ಎಡ-ಬಲ ನಾಣ್ಯ ಚಿಮ್ಮಿದಂತಾಗುತ್ತದೆ. ಅರ್ಧ ಮಕ್ಕಳಿಗೆ ಅಂಗಗಳು ಸರಿಜಾಗದಲ್ಲಿ, ಉಳಿದರ್ಧ ಮಕ್ಕಳಲ್ಲಿ ಹೆಚ್ಚಿನವರಿಗೆ ಪೂರ್ತಿ ಉಲ್ಟಾ. ಕೆಲವರಿಗೆ ಅರ್ಧಂಬರ್ಧ ಬದಲಾಗಿ ಹೃದಯದ ದೋಷವೂ ಬರುವುದುಂಟು.

ಇಲ್ಲಿ ತಾಯಂದಿರಿಗೆ ಒಂದು ಮಾತು ಹೇಳಲೇಬೇಕು. ಗ್ರಹಣದಲ್ಲಿ ಹೊರಗೆ ಬಂದದ್ದರಿಂದಾಗಲಿ, ಬಲಮಗ್ಗುಲಿಗೆ ಮಲಗಿದ್ದರಿಂದಾಗಲಿ ಮಗುವಿನ ಹೃದಯ ಬಲಕ್ಕೆ ಹೋಗುವುದಿಲ್ಲ. ಇದು ತೀರ್ಮಾನವಾಗುವ ದಿನಗಳಲ್ಲಿ ಎಷ್ಟೋ ತಾಯಂದಿರಿಗೆ ತಾನು ಗರ್ಭಿಣಿಯೆಂದೇ ತಿಳಿದಿರುವುದಿಲ್ಲ. ಎಡ ಎಂದರೆ ಅಶುಭವೆಂಬ ಮಾತಿಗೂ ಅರ್ಥವಿಲ್ಲ. ಇಷ್ಟಲಿಂಗವನ್ನು ನಾವು ಪೂಜಿಸುವುದು ಎಡಗೈ ಅಂಗೈಯಲ್ಲಿಟ್ಟೇ ಅಲ್ಲವೆ? ಹೃದಯ ಬಲಗಡೆ ಇರುವವರು ಎಡಚರಾಗಿರುತ್ತಾರೆ ಎಂಬುದೂ ಸರಿಯಲ್ಲ. ಅವರಲ್ಲೂ ಹೆಚ್ಚಿನವರು ಬಲಗೈಯವರೇ.

ಅಂಗಗಳು ಪೂರ್ತಿ ಅದಲುಬದಲಾಗಿದ್ದರೆ ಅದು ರೋಗವಲ್ಲ, ಎಷ್ಟೋ ಜನ ಪೂರ್ಣಾಯುಷ್ಯ ಬಾಳುತ್ತಾರೆ. ಅಪಾಯ ಇರುವುದು ತುರ್ತು ಸಮಯದಲ್ಲಿ. ಅಪೆಂಡಿಸೈಟಿಸ್ ನೋವು ಇವರಿಗೆ ಹೊಟ್ಟೆಯ ಎಡ ಕೆಳಭಾಗದಲ್ಲಿ ಬರಬಹುದು, ಪಿತ್ತಕೋಶದ ಕಲ್ಲಿನ ನೋವೂ ಎಡಕ್ಕೇ. ಇ.ಸಿ.ಜಿ. ತಂತಿಗಳನ್ನು ಬಲಗಡೆಗೆ ಬದಲಿಸಿ ಹಾಕದಿದ್ದರೆ ಪಟ್ಟಿ ತಪ್ಪು ತೋರಿಸುತ್ತದೆ. ಆದುದರಿಂದ ವಿಷಯ ಗೊತ್ತಿರುವವರು “ನನ್ನ ಹೃದಯ ಬಲಗಡೆ ಇದೆ, ಅಂಗಗಳು ಅದಲುಬದಲಾಗಿವೆ” ಎಂದು ಬರೆದ ಚೀಟಿಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳತಕ್ಕದ್ದು. ಮೀನುಗಾರಿಕೆಗೆ ಹೋಗುವವರು ಬೋಟಿನ ಸಂಗಡಿಗರಿಗೂ ಹೇಳಿರಬೇಕು.

ಇನ್ನೊಂದು ಸಂಗತಿ ಹೆಚ್ಚು ಮುಖ್ಯವಾದದ್ದು. ಭ್ರೂಣದ ರೋಮಗಳಂಥವೇ ನಮ್ಮ ಮೂಗು ಮತ್ತು ಶ್ವಾಸನಾಳಗಳಲ್ಲಿಯೂ ಇದ್ದು, ಕಫವನ್ನು ಮೇಲಕ್ಕೆ ಸಾಗಿಸುತ್ತವೆ. ಅವು ಹುಟ್ಟಿನಿಂದಲೇ ಕೆಲಸ ಮಾಡದಿದ್ದರೆ ಕಫ ಅಲ್ಲೇ ನಿಂತು ಕೊಳೆಯುತ್ತದೆ. ಹೃದಯ ಬಲಗಡೆ, ಬಿಡದ ಸೈನಸ್ ಸೋಂಕು, ಹಾಳಾದ ಶ್ವಾಸನಾಳ, ಈ ಮೂರು ಒಟ್ಟಿಗೆ ಬರುವುದನ್ನು ಕಾರ್ಟಜೆನರ್ ಎಂಬ ವೈದ್ಯರು 1933ರಲ್ಲಿ ವಿವರಿಸಿದರು. ಕಾರಣ ರೋಮಗಳದ್ದೇ ಎಂದು 1976ರಲ್ಲಿ ಅಫ್ಜೇಲಿಯಸ್ ತೋರಿಸಿಕೊಟ್ಟರು. ದಿನ ತುಂಬಿ ಹುಟ್ಟಿದರೂ ಮೊದಲ ದಿನವೇ ಉಸಿರಿನ ತೊಂದರೆಯಾದ ಮಗು, ಹುಟ್ಟಿದಂದಿನಿಂದ ಮೂಗು ಸೋರುವ, ವರ್ಷವಿಡೀ ಕಫದ ಕೆಮ್ಮಿರುವ, ಪದೇ ಪದೇ ಕಿವಿ ಸೋರುವ ಮಗು ಇದ್ದರೆ “ಶೀತ ಪ್ರಕೃತಿ” ಎಂದು ಸುಮ್ಮನಾಗಬೇಡಿ. ಹೃದಯವೂ ಬಲಗಡೆ ಇದ್ದರಂತೂ ತಡಮಾಡಲೇಬಾರದು. ಕಫ ಪರೀಕ್ಷೆಯಿಲ್ಲದೆ ಎಕ್ಸ್‌ರೇ ಕಲೆಯೊಂದನ್ನೇ ನೋಡಿ ಕ್ಷಯದ ಮಾತ್ರೆಯನ್ನು ಮತ್ತೆ ಮತ್ತೆ ನುಂಗಿಸುವುದೂ ಸರಿಯಲ್ಲ.

ಇದು ಬರಬೇಕಾದರೆ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಅದೇ ಜೀನ್‌ನ ದೋಷ ಬರಬೇಕು. ಅವರಿಗೆ ರೋಗ ಇರುವುದಿಲ್ಲ, ಆದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಸಾಧ್ಯತೆ ಇರುತ್ತದೆ. ಇಂಥ ಜೀನ್‌ಗಳು 50ಕ್ಕೂ ಹೆಚ್ಚು ಗೊತ್ತಾಗಿವೆ. ರಕ್ತಸಂಬಂಧದಲ್ಲಿ ಮದುವೆಯಾದಾಗ ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮೊದಲಾದವರು ಬೆಂಗಳೂರು, ಮೈಸೂರುಗಳಲ್ಲಿ ನೋಡಿದಾಗ ಸುಮಾರು ಮೂರರಲ್ಲೊಂದು ಮದುವೆ ಸೋದರಮಾವ, ಅತ್ತೆಮಗ ಹೀಗೆ ಸಂಬಂಧದೊಳಗೇ ಆಗಿತ್ತು. ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ವೈದ್ಯರು “ಸಂಬಂಧದಲ್ಲಿ ಮದುವೆಯೇ?” ಎಂದು ಕೇಳಿದರೆ ನಾಚದೆ ನಿಜ ಹೇಳಿ. ತಳಿ ಪರೀಕ್ಷೆ ಬೇಕಾದಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಅದಕ್ಕೆಂದೇ ವಿಭಾಗವಿದೆ.

ರೋಮಗಳನ್ನು ಸರಿಪಡಿಸುವ ಔಷಧಿ ಇಲ್ಲ. ಆದರೆ ದಿನವೂ ಮಗುವನ್ನು ವಾಲಿಸಿ ಮಲಗಿಸಿ ಎದೆ-ಬೆನ್ನು ತಟ್ಟಿ ಕಫ ತೆಗೆಯುವುದು, ಉಪ್ಪುನೀರಿನಿಂದ ಮೂಗು ತೊಳೆಯುವುದು, ಚುಚ್ಚುಮದ್ದುಗಳನ್ನು ತಪ್ಪಿಸದಿರುವುದು, ಸೋಂಕಾದಾಗ ಆಂಟಿಬಯೋಟಿಕ್ ಪೂರ್ತಿ ಮುಗಿಸುವುದು, ಇಷ್ಟನ್ನು ಬಿಡದೆ ಮಾಡಿದರೆ ಶ್ವಾಸಕೋಶ ಬಹಳ ಕಾಲ ಉಳಿಯುತ್ತದೆ. ಕೆಮ್ಮು ನಿಲ್ಲಿಸುವ ಸಿರಪ್ ಮಾತ್ರ ಕೊಡಲೇಬೇಡಿ. ರೋಮಗಳು ಮಾಡಬೇಕಾದ ಕೆಲಸವನ್ನು ಈ ಮಕ್ಕಳಲ್ಲಿ ಕೆಮ್ಮೇ ಮಾಡುತ್ತಿದೆ. ತಟ್ಟುವ ಕ್ರಮವನ್ನು ಫಿಸಿಯೋಥೆರಪಿ ತಿಳಿದವರಿಂದ ಅಥವಾ ದಾದಿಯರಿಂದ ನೋಡಿ ಕಲಿಯಿರಿ, ಮನೆಯಲ್ಲಿ ಕನಿಷ್ಠ ಇಬ್ಬರು ಕಲಿತಿರಲಿ. ಊಟವಾದ ಕೂಡಲೇ ತಟ್ಟಬಾರದು.