ಕಂತುಕಂತಾಗಿ ಬರುವ ಪ್ರಳಯ: 'ಇಯರ್ ಝೀರೋ' ಹೇಳುವ ಕಥೆ

ಪ್ರಳಯವೆಂದರೆ ಸಮುದ್ರ ಉಕ್ಕಬೇಕು, ಆಗಸದಿಂದ ಬೆಂಕಿ ಸುರಿಯಬೇಕು ಎಂಬುದು ರೂಢಿಯ ಕಲ್ಪನೆ. ಅಮೆರಿಕದ ರಾಕ್ ತಂಡ 'ನೈನ್ ಇಂಚ್ ನೇಲ್ಸ್' 2007ರ ಏಪ್ರಿಲ್‌ನಲ್ಲಿ ಹೊರತಂದ 'ಇಯರ್ ಝೀರೋ' ಧ್ವನಿಮುದ್ರಿಕೆಯಲ್ಲಿ ಲೋಕ ಮುಗಿಯುವುದು ಕಂತುಕಂತಾಗಿ, ಬಹುಮಟ್ಟಿಗೆ ಜನರ ಸಮ್ಮತಿಯಿಂದಲೇ.

ಬಿಡಿ ಹಾಡುಗಳ ಕಂತೆಯಾಗಿರದೆ ಒಂದೇ ಕಥಾವಸ್ತುವಿನ ಸುತ್ತ ಹೆಣೆದ ಇಂಥ ಮುದ್ರಿಕೆಗೆ 'ಕಾನ್ಸೆಪ್ಟ್ ಆಲ್ಬಂ' ಎಂದು ಹೆಸರು. ಇದರ ಕಾಲ 2022. ಅಮೆರಿಕ ಸರ್ಕಾರ ಆ ವರ್ಷವನ್ನೇ 'ಶೂನ್ಯ ವರ್ಷ'ವೆಂದು ಘೋಷಿಸಿ ದೇಶಕ್ಕೆ ಮರುಹುಟ್ಟು ಬಂದಿತೆನ್ನುತ್ತದೆ. ಜೈವಿಕ ದಾಳಿಯಿಂದ ರಕ್ಷಣೆಯೆಂಬ ನೆಪದಲ್ಲಿ ಕುಡಿಯುವ ನೀರಿಗೆ 'ಪ್ಯಾರೆಪಿನ್' ಎಂಬ ಔಷಧ ಬೆರೆಸಲಾಗುತ್ತದೆ. ಕುಡಿದವರು ಪ್ರಶ್ನೆ ಕೇಳುವುದನ್ನು ಮರೆಯುತ್ತಾರೆ. ಆಗಸದಿಂದ ಬೃಹತ್ ಹಸ್ತವೊಂದು ಇಳಿದಂತೆ ಕಾಣಿಸತೊಡಗುತ್ತದೆ. ಅದು ದೈವವೋ, ಔಷಧದ ಭ್ರಮೆಯೋ ಎಂಬುದನ್ನು ಬಿಡಿಸಿ ಹೇಳದಿರುವುದೇ ಈ ಕೃತಿಯ ಜಾಣ್ಮೆ.

ತಂಡದ ಸೂತ್ರಧಾರ ಟ್ರೆಂಟ್ ರೆಜ್ನರ್ ಹಿಂದಿನ ಪ್ರವಾಸದ ಬಿಡುವಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತು ಈ ಸಂಗೀತದ ಬಹುಭಾಗವನ್ನು ಕಟ್ಟಿದರು. ಇರಾಕ್ ಯುದ್ಧ ನಡೆಯುತ್ತಿದ್ದ ದಿನಗಳವು. ದೇಶ ಹಿಡಿದ ದಾರಿಯಲ್ಲೇ ಮುಂದುವರಿದರೆ ಹದಿನೈದು ವರ್ಷಗಳಲ್ಲಿ ಎಲ್ಲಿಗೆ ತಲುಪೀತು ಎಂಬುದೇ ಅವರ ಪ್ರಶ್ನೆಯಾಗಿತ್ತು. ಒಟ್ಟು 16 ಹಾಡುಗಳಲ್ಲಿ ಸೈನಿಕ, ಭಕ್ತ, ಬಂಡುಕೋರ, ಅಧಿಕಾರಸ್ಥ ಹೀಗೆ ಬೇರೆ ಬೇರೆಯವರ ದನಿಗಳಿವೆ. ವಾದ್ಯಗಳಿಗಿಂತ ಯಂತ್ರಗಳ ಕರ್ಕಶ ಸದ್ದೇ ಹೆಚ್ಚು. ಮೊದಲ ಸಲಕ್ಕೆ ಕಿವಿ ಒಗ್ಗುವುದು ಕಷ್ಟ.

ಕಥೆ ಸಿ.ಡಿ.ಯೊಳಗೇ ಮುಗಿಯಲೂ ಇಲ್ಲ. 2007ರ ಫೆಬ್ರುವರಿಯಲ್ಲಿ ಯುರೋಪ್ ಪ್ರವಾಸದ ಟೀ ಶರ್ಟಿನ ಮೇಲೆ ಎದ್ದು ಕಾಣುತ್ತಿದ್ದ ಅಕ್ಷರಗಳನ್ನು ಅಭಿಮಾನಿಗಳು ಕೂಡಿಸಿ ಓದಿದಾಗ ಜಾಲತಾಣವೊಂದರ ವಿಳಾಸ ದೊರೆಯಿತು. ಭವಿಷ್ಯದವರು ಎಚ್ಚರಿಕೆ ನೀಡಲೆಂದು ಹಿಂದಕ್ಕೆ ಕಳುಹಿಸಿದ ದಾಖಲೆಗಳೆಂಬಂತೆ ಇಂಥ ಹಲವು ತಾಣಗಳಿದ್ದವು. ಲಿಸ್ಬನ್ನಿನಲ್ಲಿ ಕಾರ್ಯಕ್ರಮ ನಡೆದ ಕಟ್ಟಡದ ಶೌಚಾಲಯದಲ್ಲಿ ಬಿಡುಗಡೆಯಾಗದ ಹಾಡೊಂದಿದ್ದ ಪೆನ್ ಡ್ರೈವ್ ಸಿಕ್ಕಿತು. ಹಾಡಿನ ಕೊನೆಯ ಗರಗರ ಸದ್ದನ್ನು ಕಂಪ್ಯೂಟರ್‌ನಲ್ಲಿ ಚಿತ್ರವಾಗಿಸಿದಾಗ ಮೂಡಿದ್ದು ಅದೇ ಹಸ್ತ! ತಂಡವೇ ಹೀಗೆ ಹರಿಯಬಿಟ್ಟ ಹಾಡುಗಳನ್ನು ಹಂಚಿದ ತಾಣಗಳಿಗೆ ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘ ನೋಟಿಸ್ ಕಳುಹಿಸಿದ್ದು ಕಥೆಗಿಂತ ವಿಚಿತ್ರ. ಸಿ.ಡಿ.ಯೂ ಸುಮ್ಮನಿರಲಿಲ್ಲ, ಬಿಸಿಯಾದರೆ ಕಪ್ಪು ಮೈ ಬೆಳ್ಳಗಾಗಿ ಸಂಕೇತಾಂಕಗಳು ಕಾಣಿಸುತ್ತಿದ್ದವು.

ಇದೆಲ್ಲ ಮಾರಾಟದ ತಂತ್ರವೆಂಬ ಟೀಕೆಯನ್ನು ರೆಜ್ನರ್ ಒಪ್ಪಲಿಲ್ಲ; ಇದೂ ಕೃತಿಯ ಭಾಗವೇ ಎಂದರು. ಮೊದಲ ವಾರ ಅಮೆರಿಕದಲ್ಲಿ ಸುಮಾರು 1.87 ಲಕ್ಷ ಪ್ರತಿಗಳು ಮಾರಾಟವಾಗಿ ಮುದ್ರಿಕೆ ಬಿಲ್‌ಬೋರ್ಡ್ ಪಟ್ಟಿಯ ಎರಡನೇ ಸ್ಥಾನಕ್ಕೇರಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ಧ್ವನಿಮುದ್ರಣ ಕಂಪನಿಯ ಒಪ್ಪಂದದಿಂದ ಹೊರಬಂದರು. ಇದರ ಸಹನಿರ್ಮಾಪಕ ಆಟಿಕಸ್ ರಾಸ್ ಜೊತೆಗೂಡಿ 'ದಿ ಸೋಷಿಯಲ್ ನೆಟ್‌ವರ್ಕ್' ಚಿತ್ರದ ಸಂಗೀತಕ್ಕೆ 2011ರಲ್ಲಿ ಆಸ್ಕರ್ ಪಡೆದವರೂ ಇವರೇ.

ಕೊನೆಯ ಹಾಡು 'ಝೀರೋ ಸಮ್' ತಗ್ಗಿದ ದನಿಯಲ್ಲಿ, ಹಾಡಿಗಿಂತ ಮಾತಿನಂತೆ ಆರಂಭವಾಗುತ್ತದೆ. ಹಸ್ತ ಇನ್ನೇನು ಇಳಿಯಲಿದೆ. ಅಷ್ಟು ಹೊತ್ತಿಗೆ ಸರ್ಕಾರವನ್ನು ದೂರುವ ದನಿ ಅಡಗಿ, ಎಲ್ಲವೂ ತಿಳಿದಿದ್ದೂ ಸುಮ್ಮನಿದ್ದವರ ನಾಚಿಕೆಯಷ್ಟೇ ಕೇಳಿಸುತ್ತದೆ.